ಬಾಯಿಪಾಠ ಬೇಡ, ಹುಡುಕಲು ಬಂದರೆ ಸಾಕು

ಕಪ್ಪು ಪರದೆಯ ಮೇಲೆ ಸರಸರನೆ ಕಮಾಂಡ್ ಹೊಡೆಯುವವರನ್ನು ನೋಡಿದರೆ, ಪಕ್ಕದಲ್ಲಿ ಕೂತವರಿಗೆ ಇವರಿಗೆಲ್ಲ ಬಾಯಿಪಾಠವೇ ಇರಬೇಕು ಅನ್ನಿಸುತ್ತದೆ. ಹಾಗೇನೂ ಇಲ್ಲ. ಹದಿನೈದು ಇಪ್ಪತ್ತು ವರ್ಷ ಸರ್ವರ್‌ಗಳ ನಡುವೆ ಕಳೆದವರೂ, ಫೈಲ್‌ಗಳನ್ನು ಒಂದು ಗಂಟಾಗಿ ಕಟ್ಟುವ ಟಾರ್ ಕಮಾಂಡಿಗೆ ಯಾವ ಯಾವ ಅಕ್ಷರ ಕೊಡಬೇಕು ಎಂದು ತಡವರಿಸುತ್ತಾರೆ. ಅವರ ಕೈ ಓಡುವುದಕ್ಕೆ ಕಾರಣ ಬೇರೆ. ಹೋದ ತಿಂಗಳೋ ಹೋದ ವರ್ಷವೋ ತಾವೇ ಹೊಡೆದಿದ್ದ ಸಾಲನ್ನು ಎರಡು ಕ್ಷಣದಲ್ಲಿ ಹುಡುಕಿ ತೆಗೆಯುತ್ತಾರೆ, ಇವತ್ತಿಗೆ ಬೇಕಾದಷ್ಟು ತಿದ್ದುತ್ತಾರೆ, ಎಂಟರ್ ಒತ್ತುತ್ತಾರೆ.

ಈ ಹುಡುಕಾಟವನ್ನು ಪಾಠವಾಗಿ ಹೇಳಿಕೊಡುವವರು ಕಡಿಮೆ. ಲಿನಕ್ಸ್ ಕಲಿಸುವ ತರಗತಿಗಳು ಸಾಮಾನ್ಯವಾಗಿ ಐವತ್ತು ಕಮಾಂಡುಗಳ ಪಟ್ಟಿಯಿಂದ ಶುರುವಾಗುತ್ತವೆ. ಮಗ್ಗಿಯ ಹಾಗೆ ಅದನ್ನು ಉರುಹೊಡೆದ ಹುಡುಗ ಹುಡುಗಿಯರು ಕೆಲಸಕ್ಕೆ ಸೇರಿ, ಒಂದು ದಿನ ಅದರಲ್ಲೊಂದು ಮರೆತಾಗ, ತಾವು ಈ ಕೆಲಸಕ್ಕೆ ತಕ್ಕವರಲ್ಲ ಎಂದುಕೊಳ್ಳುತ್ತಾರೆ. ನನ್ನ ಅಭಿಪ್ರಾಯದಲ್ಲಿ ಕ್ರಮ ತಿರುಗುಮುರುಗಾಗಬೇಕು. ಮೊದಲ ದಿನವೇ ತಾನು ಹೊಡೆದದ್ದನ್ನು ಉಳಿಸಿಕೊಳ್ಳುವುದು, ಹುಡುಕುವುದು ಮತ್ತು ಓಡಿಸುವ ಮುಂಚೆ ಓದುವುದು, ಈ ಮೂರನ್ನು ಕಲಿಸಬೇಕು. ಕಮಾಂಡುಗಳು ಆಮೇಲೆ ಒಂದೊಂದಾಗಿ ಬರುತ್ತವೆ.

ಈ ಕೆಲಸದಲ್ಲಿ ಇಲ್ಲದ ಓದುಗರಿಗಾಗಿ ಎರಡು ಮಾತು. ಕಂಪ್ಯೂಟರಿನೊಂದಿಗೆ ಮೌಸ್ ಇಲ್ಲದೆ, ಬರೀ ಅಕ್ಷರಗಳಲ್ಲಿ ಮಾತಾಡಿಸುವ ಪ್ರೋಗ್ರಾಮಿಗೆ ಶೆಲ್ ಎನ್ನುತ್ತಾರೆ. ಒಂದು ಸಾಲು ಬರೆದು ಎಂಟರ್ ಒತ್ತಿದರೆ ಅದು ಆ ಕೆಲಸ ಮಾಡಿ ಮುಂದಿನ ಸಾಲಿಗೆ ಕಾಯುತ್ತದೆ. ಲಿನಕ್ಸ್‌ನಲ್ಲಿ ಹೆಚ್ಚಾಗಿ ಬಳಕೆಯಲ್ಲಿರುವುದು ಬ್ಯಾಶ್ ಎಂಬ ಶೆಲ್. ಮ್ಯಾಕ್‌ನಲ್ಲಿ 2019ರಿಂದ ಝೆಡ್‌ಶೆಲ್. ಬರೆದ ಪ್ರತಿ ಸಾಲನ್ನೂ ಇವು ಒಂದು ಫೈಲಿನಲ್ಲಿ ನಮೂದಿಸಿಕೊಳ್ಳುತ್ತವೆ. ಆ ನಮೂದಿನ ಹೆಸರೇ ಹಿಸ್ಟರಿ.

ಫೈಲಿಗೆ ನಾವು ಕನ್ನಡದಲ್ಲಿ ಕಡತ ಎನ್ನುತ್ತೇವಲ್ಲ, ಆ ಪದ ಇಲ್ಲಿ ತುಂಬ ಚೆನ್ನಾಗಿ ಒಪ್ಪುತ್ತದೆ. ಹಿಂದೆ ಕಡತವೆಂದರೆ ಬಟ್ಟೆಗೆ ಹುಣಸೆಬೀಜದ ಅಂಟು ಮತ್ತು ಇದ್ದಿಲ ಪುಡಿ ಬಳಿದು, ಮಡಿಕೆ ಮಡಿಕೆಯಾಗಿ ಮಡಚಿಟ್ಟ ಕರೀ ಪುಸ್ತಕ. ವರ್ತಕರು, ಶಾನುಭೋಗರು ಅದರ ಮೇಲೆ ಬಳಪದಲ್ಲಿ ಲೆಕ್ಕ ಬರೆಯುತ್ತಿದ್ದರು. ಶೃಂಗೇರಿ ಮಠದ ಕಡತಗಳು ಇತಿಹಾಸಕಾರರಿಗೆ ದೊಡ್ಡ ಆಕರ. ಅಂಗಡಿಯ ಯಜಮಾನ ಯಾವ ಸಾಲವೂ ಬಾಯಿಪಾಠ ಇರಬೇಕೆಂದು ಹಟ ಹಿಡಿಯುತ್ತಿರಲಿಲ್ಲ. ಬರೆದಿಟ್ಟದ್ದು ಎಲ್ಲಿದೆ ಎಂದು ಅವನಿಗೆ ಗೊತ್ತಿರಬೇಕಿತ್ತು, ಅಷ್ಟೇ.

ಕಂಪ್ಯೂಟರಿಗೆ ಈ ಬುದ್ಧಿ ತಡವಾಗಿ ಬಂತು. 1971ರಲ್ಲಿ ಯುನಿಕ್ಸ್‌ನ ಮೊದಲ ಆವೃತ್ತಿಯ ಜೊತೆ ಬಂದ ಕೆನ್ ಥಾಮ್ಸನ್ ಅವರ ಶೆಲ್‌ನಲ್ಲಿ ಹಿಸ್ಟರಿ ಇರಲಿಲ್ಲ. ತಪ್ಪಿದರೆ ಇಡೀ ಸಾಲನ್ನು ಮತ್ತೆ ಹೊಡೆಯಬೇಕು. ಎಪ್ಪತ್ತರ ದಶಕದ ಕೊನೆಯಲ್ಲಿ ಬರ್ಕ್ಲಿಯಲ್ಲಿ ಬಿಲ್ ಜಾಯ್ ಬರೆದ ಸಿ ಶೆಲ್ ಹಳೆಯ ಸಾಲುಗಳನ್ನು ನೆನಪಿಟ್ಟುಕೊಳ್ಳತೊಡಗಿತು. ಎರಡು ಆಶ್ಚರ್ಯಚಿಹ್ನೆ ಒತ್ತಿದರೆ ಹಿಂದಿನ ಕಮಾಂಡ್ ಮತ್ತೆ ಓಡುತ್ತಿತ್ತು. 1989ರಲ್ಲಿ ಬ್ರಯನ್ ಫಾಕ್ಸ್ ಅವರ ಬ್ಯಾಶ್ ಬಂತು. ಅದರೊಳಗಿನ ರೀಡ್‌ಲೈನ್ ಎಂಬ ಭಾಗವು ಈಮ್ಯಾಕ್ಸ್ ಎಡಿಟರಿನಿಂದ ಒಂದು ಅಭ್ಯಾಸವನ್ನು ತಂದಿತು. ಕಂಟ್ರೋಲ್ ಕೀಲಿಯ ಜೊತೆ ಆರ್ ಒತ್ತಿ, ನೆನಪಿದ್ದ ತುಂಡನ್ನು ಹೊಡೆಯುತ್ತ ಹೋದರೆ, ಅದು ಇರುವ ತೀರಾ ಈಚಿನ ಸಾಲು ಕಣ್ಣೆದುರು ಬರುತ್ತದೆ. ಮತ್ತೆ ಒತ್ತಿದರೆ ಅದಕ್ಕಿಂತ ಹಳೆಯದು. ಇಷ್ಟು ವರ್ಷಗಳಿಂದ ಪ್ರತಿ ಲಿನಕ್ಸ್ ಗಣಕದಲ್ಲೂ ಇದು ಇದೆ. ದಿನವೂ ಟರ್ಮಿನಲ್ ತೆರೆಯುವವರಲ್ಲಿ ಎಷ್ಟೋ ಜನ ಮಾತ್ರ ಇವತ್ತಿಗೂ ಮೇಲ್ಮುಖದ ಬಾಣದ ಕೀಲಿಯನ್ನೇ ನಲವತ್ತು ಸಲ ಒತ್ತುತ್ತಾರೆ.

ಅವರ ಬಗ್ಗೆ ನನಗೆ ಸಹಾನುಭೂತಿ ಇದೆ, ಏಕೆಂದರೆ ಹಳೆಯ ಕಂಟ್ರೋಲ್-ಆರ್ ಸ್ವಲ್ಪ ಮೊಂಡು. ಒಂದು ಸಲಕ್ಕೆ ಒಂದೇ ಸಾಲು ತೋರಿಸುತ್ತದೆ. ಹೊಡೆದ ತುಂಡು ಅಕ್ಷರಶಃ ಹಾಗೆಯೇ ಸಾಲಿನಲ್ಲಿರಬೇಕು. ಆತುರದಲ್ಲಿ ಬೇಕಾದ ಸಾಲನ್ನು ದಾಟಿ ಹೋದರೆ ಮುಂದಕ್ಕೆ ಬರಲು ಕಂಟ್ರೋಲ್-ಎಸ್ ಒತ್ತಬೇಕು, ಆದರೆ ಬಹಳ ಟರ್ಮಿನಲ್‌ಗಳಲ್ಲಿ ಅದನ್ನು ಒತ್ತಿದ ಕೂಡಲೇ ಪರದೆಯೇ ಹೆಪ್ಪುಗಟ್ಟುತ್ತದೆ. ಟೆಲಿಟೈಪ್ ಯಂತ್ರಗಳ ಕಾಲದಲ್ಲಿ ಮುದ್ರಣವನ್ನು ತಡೆದು ನಿಲ್ಲಿಸಲು ಬಳಸುತ್ತಿದ್ದ ಸಂಕೇತ ಇಂದಿಗೂ ಜೀವಂತವಾಗಿರುವುದರ ಫಲ ಅದು. ಕಂಟ್ರೋಲ್-ಕ್ಯೂ ಒತ್ತಿದರೆ ಹೆಪ್ಪು ಕರಗುತ್ತದೆ ಎಂಬುದು ಗೊತ್ತಿಲ್ಲದವರು ಕಿಟಕಿಯನ್ನೇ ಮುಚ್ಚಿ ಹೊಸದು ತೆರೆಯುತ್ತಾರೆ.

ಈ ಮೊಂಡುತನಕ್ಕೆ ಈಗ ಒಳ್ಳೆಯ ಮದ್ದುಗಳಿವೆ. ಹೆಚ್ಚು ಜನಪ್ರಿಯವಾದದ್ದು ಎಫ್‌ಝಡ್‌ಎಫ್. ಕೊರಿಯಾದ ಪ್ರೋಗ್ರಾಮರ್ ಜೂನ್‌ಗನ್ ಚೊಯ್ 2013ರಲ್ಲಿ ಮೊದಲು ರೂಬಿ ಭಾಷೆಯಲ್ಲಿ ಬರೆದು, ಆಮೇಲೆ ಗೋ ಭಾಷೆಗೆ ಬದಲಿಸಿದ ಉಚಿತ ಸಲಕರಣೆ. ಇದನ್ನು ಹೊಂದಿಸಿಕೊಂಡರೆ ಅದೇ ಕಂಟ್ರೋಲ್-ಆರ್ ಒತ್ತಿದಾಗ ಹಳೆಯ ಸಾಲುಗಳ ಪಟ್ಟಿಯೇ ತೆರೆಯುತ್ತದೆ. ಒಂದೊಂದು ಅಕ್ಷರ ಹೊಡೆದಂತೆ ಪಟ್ಟಿ ಕಿರಿದಾಗುತ್ತದೆ. ಅಕ್ಷರಗಳು ಪಕ್ಕಪಕ್ಕದಲ್ಲೇ ಇರಬೇಕೆಂದಿಲ್ಲ, ಅದೇ ಕ್ರಮದಲ್ಲಿ ಬಂದರೆ ಸಾಕು. ನಡುವೆ ಜಾಗ ಬಿಟ್ಟು ಎರಡು ಮೂರು ತುಂಡು ಕೊಟ್ಟರೆ ಅವು ಸಾಲಿನಲ್ಲಿ ಹಿಂದುಮುಂದಾಗಿದ್ದರೂ ಸಿಗುತ್ತವೆ. ಬೇಡದ ಪದದ ಮುಂದೆ ಆಶ್ಚರ್ಯಚಿಹ್ನೆ ಇಟ್ಟರೆ ಅದು ಇರುವ ಸಾಲುಗಳು ಮಾಯ.

ಇದರ ಜೊತೆಗೆ ಇನ್ನೂ ಕೆಲವು ಇವೆ. ಎಚ್‌ಎಸ್‌ಟಿಆರ್ ಎಂಬುದು ಹಿಸ್ಟರಿಗೆಂದೇ ಮಾಡಿದ್ದು. ಮತ್ತೆ ಮತ್ತೆ ಬೇಕಾಗುವ ಸಾಲುಗಳನ್ನು ಅದರಲ್ಲಿ ಗುರುತು ಹಾಕಿಟ್ಟುಕೊಳ್ಳಬಹುದು. ಮೆಕ್‌ಫ್ಲೈ ಒಂದು ಸಣ್ಣ ನ್ಯೂರಲ್ ನೆಟ್‌ವರ್ಕ್ ಇಟ್ಟುಕೊಂಡು, ನೀವು ಯಾವ ಫೋಲ್ಡರಿನಲ್ಲಿದ್ದೀರಿ, ಈಗಷ್ಟೇ ಏನು ಮಾಡಿದಿರಿ ಎಂದು ನೋಡಿ ಪಟ್ಟಿಯ ಕ್ರಮ ಬದಲಿಸುತ್ತದೆ. ಅಟುಯಿನ್ ಪ್ರತಿ ಸಾಲಿನ ಜೊತೆ ಅದು ಓಡಿದ ಗಣಕ, ಫೋಲ್ಡರ್, ಹಿಡಿದ ಸಮಯ ಮತ್ತು ಕೆಲಸ ಆಯಿತೋ ಇಲ್ಲವೋ ಎಂಬುದನ್ನೂ ಡೇಟಾಬೇಸಿನಲ್ಲಿ ಬರೆದಿಡುತ್ತದೆ. ಯಾವುದನ್ನು ಆರಿಸಿದಿರಿ ಎಂಬುದು ದೊಡ್ಡ ವಿಷಯವಲ್ಲ. ಒಂದನ್ನು ಆರಿಸಿ ಕೈಗೆ ರೂಢಿ ಮಾಡಿಕೊಳ್ಳುವುದು ಮುಖ್ಯ.

ಒಂದು ಉದಾಹರಣೆ ತೆಗೆದುಕೊಳ್ಳಿ. ಫೋಲ್ಡರುಗಳನ್ನು ಒಂದು ಕಡೆಯಿಂದ ಇನ್ನೊಂದು ಕಡೆಗೆ ನಕಲು ಮಾಡುವ ಆರ್‌ಸಿಂಕ್‌ನಲ್ಲಿ, ಮೂಲ ಫೋಲ್ಡರ್ ಹೆಸರಿನ ಕೊನೆಯಲ್ಲಿ ಓರೆಗೆರೆ ಇದ್ದರೆ ಒಳಗಿರುವುದಷ್ಟೇ ಹೋಗುತ್ತದೆ. ಇಲ್ಲದಿದ್ದರೆ ಫೋಲ್ಡರೇ ಹೋಗಿ ಗುರಿಯ ಒಳಗೆ ಕೂರುತ್ತದೆ. ವರ್ಷಕ್ಕೆ ನಾಲ್ಕು ಸಲ ಬಳಸುವವರಿಗೆ ಈ ಓರೆಗೆರೆ ನೆನಪಿರುವುದಿಲ್ಲ, ನೆನಪಿರಬೇಕಾಗಿಯೂ ಇಲ್ಲ. ಕಂಟ್ರೋಲ್-ಆರ್ ಒತ್ತಿ, ಆ ಕಮಾಂಡಿನ ಹೆಸರಿನ ಮೊದಲ ಮೂರು ಅಕ್ಷರ, ಒಂದು ಜಾಗ, ಫೋಟೋ ಫೋಲ್ಡರಿನ ಹೆಸರಿನ ಒಂದು ತುಂಡು ಹೊಡೆದರೆ, ಹೋದ ದೀಪಾವಳಿಗೆ ಸರಿಯಾಗಿ ನಡೆದ ಸಾಲು ಓರೆಗೆರೆ ಸಮೇತ ಎದುರಿಗಿರುತ್ತದೆ.

ಇದು ಯಾಕೆ ಇಷ್ಟು ಸಲೀಸು ಎಂಬುದಕ್ಕೆ ಮನಸ್ಸಿನ ಸ್ವಭಾವದಲ್ಲೇ ಉತ್ತರವಿದೆ. ನೆನಪಿನಿಂದ ಹೇಳುವುದು ಕಷ್ಟ, ನೋಡಿ ಗುರುತಿಸುವುದು ಸುಲಭ. 1973ರಲ್ಲಿ ಲಯೊನೆಲ್ ಸ್ಟ್ಯಾಂಡಿಂಗ್ ಎಂಬ ಮನೋವಿಜ್ಞಾನಿ ಜನರಿಗೆ 10,000 ಚಿತ್ರಗಳನ್ನು ಒಂದೊಂದು ಸಲ ತೋರಿಸಿ, ಆಮೇಲೆ ನೋಡಿದ ಚಿತ್ರವೊಂದನ್ನು ನೋಡದ ಚಿತ್ರದ ಪಕ್ಕ ಇಟ್ಟು ಕೇಳಿದಾಗ, ನೂರಕ್ಕೆ 83 ಸಲ ಸರಿಯಾಗಿ ಗುರುತಿಸಿದ್ದರು. ಅಷ್ಟು ಚಿತ್ರಗಳ ಪಟ್ಟಿಯನ್ನು ಬಾಯಲ್ಲಿ ಹೇಳಿ ಎಂದರೆ ಯಾರ ಕೈಲಾಗುತ್ತದೆ? ಜೇಕಬ್ ನೀಲ್ಸನ್ 1994ರಲ್ಲಿ ಕೊಟ್ಟ ವಿನ್ಯಾಸದ ಹತ್ತು ಸೂತ್ರಗಳಲ್ಲೂ ಇದು ಒಂದು: ಬಳಸುವವರು ನೆನಪಿಸಿಕೊಳ್ಳುವಂತೆ ಮಾಡಬೇಡಿ, ಗುರುತಿಸುವಂತೆ ಮಾಡಿ. ಮೌಸ್ ಮತ್ತು ಮೆನು ಗೆದ್ದದ್ದು ಈ ಕಾರಣಕ್ಕೇ. ಪಟ್ಟಿಯಾಗಿ ತೆರೆಯುವ ಹಿಸ್ಟರಿ ಅದೇ ಅನುಕೂಲವನ್ನು ಟರ್ಮಿನಲ್ಲಿಗೆ ತರುತ್ತದೆ. ಬೇರೆ ಯಾರೋ ಮಾಡಿಟ್ಟ ಮೆನು ಅಲ್ಲ, ನಿಮ್ಮ ಕೆಲಸದಿಂದಲೇ ಬೆಳೆದ ಮೆನು.

ಟರ್ಮಿನಲ್ಲಿನ ಭಯಕ್ಕೂ ಬಾಯಿಪಾಠದ ಪರಂಪರೆಗೂ ನಂಟಿದೆ ಎಂದು ನಾನು ಹೇಳುವುದು ಇದಕ್ಕೇ. ಉತ್ತರ ನಾಲಗೆಯ ಮೇಲಿದ್ದರೆ ಜಾಣ, ಹುಡುಕಿ ಹೇಳಿದರೆ ದಡ್ಡ ಎಂಬ ಲೆಕ್ಕದಲ್ಲಿ ಬೆಳೆದವರು ನಾವು. ಕೆಲಸದ ಸಂದರ್ಶನಗಳಲ್ಲೂ ಇಂಥ ಆಯ್ಕೆಗೆ ಯಾವ ಅಕ್ಷರ ಎಂದು ಕೇಳುವವರು ಇದ್ದಾರೆ. ಆ ಪ್ರಶ್ನೆಯಿಂದ ಗೊತ್ತಾಗುವುದು ಅಭ್ಯರ್ಥಿ ಹಿಂದಿನ ರಾತ್ರಿ ಓದಿದ್ದಾನೋ ಇಲ್ಲವೋ ಎಂಬುದಷ್ಟೇ. ಕನ್ನಡ ಮಾಧ್ಯಮದಿಂದ ಬಂದವರಿಗೆ ಇನ್ನೊಂದು ಅಳುಕು: ಇವೆಲ್ಲ ಇಂಗ್ಲಿಷು, ಇಂಗ್ಲಿಷ್ ಚೆನ್ನಾಗಿ ಬರುವವರಿಗೆ ತಾನಾಗಿ ಹೊಳೆಯುತ್ತದೆ ಎಂದು. ಹೊಳೆಯುವುದಿಲ್ಲ. ಗ್ರೆಪ್ ಎಂಬುದು ಹಳೆಯ ಇಡಿ ಎಡಿಟರಿನ ಒಂದು ಆಜ್ಞೆಯ ಮೊದಲಕ್ಷರಗಳಿಂದ ಹುಟ್ಟಿದ ಶಬ್ದ. ಲಂಡನ್ನಿನಲ್ಲಿ ಹುಟ್ಟಿದವನಿಗೂ ಅದು ಮೊದಲು ಅರ್ಥವಿಲ್ಲದ ಸದ್ದೇ. ಎಲ್ಲರೂ ಬಳಸಿ ಬಳಸಿಯೇ ಕಲಿತದ್ದು. ಬಳಸಿದ್ದು ಕೈತಪ್ಪದಂತೆ ಇಟ್ಟುಕೊಂಡವರು ಬೇಗ ಕಲಿತರು.

ಇಟ್ಟುಕೊಳ್ಳಬೇಕಾದರೆ ಮೊದಲು ಒಂದೆರಡು ಏರ್ಪಾಡು ಬೇಕು. ಬ್ಯಾಶ್ ತಾನಾಗಿ ಉಳಿಸುವುದು ಕೊನೆಯ 500 ಸಾಲು ಮಾತ್ರ. ಉಬುಂಟು ಅದನ್ನು ನೆನಪಿನಲ್ಲಿ 1,000ಕ್ಕೆ, ಫೈಲಿನಲ್ಲಿ 2,000ಕ್ಕೆ ಏರಿಸಿದೆ. ದಿನಕ್ಕೆ ನೂರು ಸಾಲು ಹೊಡೆಯುವವರಿಗೆ ಇದು ಒಂದು ತಿಂಗಳಿಗೂ ಸಾಲದು. ಹಳೆಯ ಕರೀ ಕಡತವನ್ನು ವರ್ತಕ ತನಗೆ ಬೇಡವಾದಾಗ ಒರೆಸಿ ಮತ್ತೆ ಬರೆಯುತ್ತಿದ್ದ. ಬ್ಯಾಶ್ ಕೇಳದೆಯೇ ಒರೆಸುತ್ತದೆ. ಹಿಸ್ಟ್‌ಸೈಜ್ ಮತ್ತು ಹಿಸ್ಟ್‌ಫೈಲ್‌ಸೈಜ್ ಎಂಬ ಎರಡು ಬೆಲೆಗಳನ್ನು ಒಂದು ಲಕ್ಷಕ್ಕೆ ಏರಿಸಿ. ಅಕ್ಷರಗಳ ಫೈಲ್ ಅದು, ಒಂದು ಲಕ್ಷ ಸಾಲು ಫೋನಿನ ಒಂದೆರಡು ಫೋಟೋಗಳಷ್ಟು ಜಾಗವನ್ನೂ ತಿನ್ನುವುದಿಲ್ಲ. ಹಿಸ್ಟ್‌ಟೈಮ್‌ಫಾರ್ಮ್ಯಾಟ್ ಹೊಂದಿಸಿದರೆ ಪ್ರತಿ ಸಾಲಿಗೂ ದಿನಾಂಕ, ಸಮಯ ಸೇರುತ್ತದೆ. ಬ್ಯಾಶ್ ಫೈಲಿಗೆ ಬರೆಯುವುದು ಕಿಟಕಿ ಮುಚ್ಚುವಾಗ. ಹಿಸ್ಟ್‌ಅಪೆಂಡ್ ಎಂಬ ಆಯ್ಕೆ ಇಲ್ಲದಿದ್ದರೆ ಕೊನೆಗೆ ಮುಚ್ಚಿದ ಕಿಟಕಿ ಉಳಿದವುಗಳ ನಮೂದನ್ನು ಅಳಿಸಿಹಾಕಬಹುದು.

ಇನ್ನೊಂದು ಉಪಾಯ ಚಿಕ್ಕದು, ಲಾಭ ದೊಡ್ಡದು. ಕಮಾಂಡಿನ ಕೊನೆಗೆ ಹ್ಯಾಶ್ ಗುರುತು ಹಾಕಿ ಯಾಕೆ ಮಾಡಿದೆ ಎಂದು ಎರಡು ಪದ ಬರೆದರೆ, ಬ್ಯಾಶ್ ಅದನ್ನು ಓಡಿಸುವುದಿಲ್ಲ, ಆದರೆ ಹಿಸ್ಟರಿಯಲ್ಲಿ ಇಡುತ್ತದೆ. ಝೆಡ್‌ಶೆಲ್‌ನಲ್ಲಿ ಇದಕ್ಕೆ ಒಂದು ಆಯ್ಕೆಯನ್ನು ಆನ್ ಮಾಡಬೇಕು. ಆ ಎರಡು ಪದ ಕನ್ನಡದಲ್ಲಿರಲಿ. ಹಲವು ಟರ್ಮಿನಲ್‌ಗಳಲ್ಲಿ ನಮ್ಮ ಒತ್ತಕ್ಷರಗಳು ಮುರಿದು ಕಾಣುತ್ತವೆ, ಅಲ್ಲಿ ಇಂಗ್ಲಿಷ್ ಅಕ್ಷರಗಳಲ್ಲೇ ಬರೆದರಾಯಿತು. ‘ಸಂಬಳ ಪಟ್ಟಿ’ ಎಂದೋ ‘ಹಳೇ ಡಬ್ಬ’ ಎಂದೋ ಬರೆದಿದ್ದರೆ, ಬೇರೆ ಯಾವ ಕಮಾಂಡಿನಲ್ಲೂ ಆ ಪದ ಇರುವುದಿಲ್ಲವಾದ್ದರಿಂದ, ಆರು ತಿಂಗಳ ನಂತರವೂ ನೇರ ಅದೇ ಸಾಲಿಗೆ ಹೋಗಿ ನಿಲ್ಲುತ್ತೀರಿ.

ಇದಕ್ಕೆ ಆಕ್ಷೇಪಗಳಿಲ್ಲವೆಂದಲ್ಲ. ಹುಡುಕಿ ಓಡಿಸುವ ಚಟ ಹತ್ತಿದರೆ ಅರ್ಥ ಮಾಡಿಕೊಳ್ಳುವುದು ನಿಂತುಹೋಗುತ್ತದೆ ಎಂಬುದು ಮೊದಲನೆಯದು. ಇದರಲ್ಲಿ ಹುರುಳಿದೆ. ತಪ್ಪು ಸಾಲೂ ಹಿಸ್ಟರಿಯಲ್ಲಿ ಉಳಿಯುತ್ತದೆ, ಸರಿಯಾದದ್ದರ ಪಕ್ಕದಲ್ಲೇ, ಅದೇ ಮುಖ ಹೊತ್ತು. ನಾಲ್ಕು ಸಲ ಸೋತು ಐದನೆಯ ಸಲ ಗೆದ್ದಿದ್ದರೆ ಪಟ್ಟಿಯಲ್ಲಿ ಐದೂ ಇರುತ್ತವೆ. ಕೆಲಸ ಆಯಿತೋ ಇಲ್ಲವೋ ಎಂದು ಬರೆದಿಡುವ ಸಲಕರಣೆಗಳು ಉಪಯುಕ್ತ ಎನ್ನುವುದು ಇದಕ್ಕಾಗಿ. ಆದರೂ ಸಾಲಿನ ಒಂದು ಭಾಗ ಅರ್ಥವಾಗದಿದ್ದರೆ ಕೈಪಿಡಿ ತೆರೆದು ನೋಡುವುದಕ್ಕೆ ಬದಲಿಯಿಲ್ಲ. ಎಂಟರ್ ಒತ್ತುವ ಮೊದಲು ಸಾಲನ್ನು ಎಡದಿಂದ ಬಲಕ್ಕೆ ಒಮ್ಮೆ ಓದಿ ಎಂಬುದನ್ನು ನಾನು ಪಾಠದ ಮೂರನೆಯ ಭಾಗವಾಗಿ ಸೇರಿಸಿದ್ದು ಇದೇ ಕಾರಣಕ್ಕೆ. ಎಫ್‌ಝಡ್‌ಎಫ್ ಆರಿಸಿದ ಸಾಲನ್ನು ಮುಂದೆ ತಂದಿಟ್ಟು ಇನ್ನೊಂದು ಎಂಟರಿಗೆ ಕಾಯುತ್ತದೆ. ಎಚ್‌ಎಸ್‌ಟಿಆರ್‌ನಲ್ಲಿ ಎಂಟರ್ ಒತ್ತಿದರೆ ನೇರ ಓಡಿಯೇಬಿಡುತ್ತದೆ, ತಿದ್ದಬೇಕಿದ್ದರೆ ಟ್ಯಾಬ್ ಒತ್ತಬೇಕು. ನಿಮ್ಮದು ಯಾವ ಬಗೆಯದೆಂದು ಮೊದಲೇ ತಿಳಿದಿರಲಿ.

ಎರಡನೆಯ ಅಪಾಯ ಇದಕ್ಕಿಂತ ಸೂಕ್ಷ್ಮ. ಸಾಲು ಸರಿಯಿರುತ್ತದೆ, ನಿಂತಿರುವ ಜಾಗ ತಪ್ಪಿರುತ್ತದೆ. 2017ರ ಜನವರಿ 31ರಂದು ಗಿಟ್‌ಲ್ಯಾಬ್ ಸಂಸ್ಥೆಯ ಇಂಜಿನಿಯರೊಬ್ಬರು ಎರಡು ಡೇಟಾಬೇಸ್ ಸರ್ವರ್‌ಗಳ ಪೈಕಿ ಬರಿದು ಮಾಡಬೇಕಿದ್ದ ಒಂದರ ಬದಲು ಮುಖ್ಯ ಸರ್ವರಿನಲ್ಲಿ ಅಳಿಸುವ ಕಮಾಂಡ್ ಕೊಟ್ಟರು. ಒಂದೆರಡು ಸೆಕೆಂಡಿನಲ್ಲೇ ತಡೆದರೂ ಸುಮಾರು 300 ಜಿಬಿಯಲ್ಲಿ ಉಳಿದದ್ದು 4.5 ಜಿಬಿ. ಸುಮಾರು ಆರು ಗಂಟೆಗಳ ಮಾಹಿತಿ ಹೋಯಿತು. ಸಂಸ್ಥೆ ಇದನ್ನು ಮುಚ್ಚಿಡದೆ ವಿವರವಾಗಿ ಪ್ರಕಟಿಸಿತು. ಅಲ್ಲಿ ಹಿಸ್ಟರಿ ಹುಡುಕಾಟದ ಪಾತ್ರ ಇರಲಿಲ್ಲ, ಆದರೆ ಪಾಠ ನಮಗೂ ಅನ್ವಯಿಸುತ್ತದೆ. ಹಳೆಯ ಸಾಲನ್ನು ಎತ್ತಿ ತರುವಾಗ ಅದು ಓಡಿದ ಜಾಗವನ್ನು ಬಿಟ್ಟು ಬರುತ್ತೇವೆ. ಅಳಿಸುವ, ಮೇಲೆ ಬರೆಯುವ ಕಮಾಂಡುಗಳು ಹಿಸ್ಟರಿಗೇ ಸೇರದಂತೆ ಮಾಡುವುದು ಒಂದು ಜಾಣತನ. ಅವನ್ನು ಪ್ರತಿ ಸಲ ಕೈಯಾರೆ ಹೊಡೆಯುವಾಗ ಆಗುವ ವಿಳಂಬ ನಿಮ್ಮ ರಕ್ಷಣೆಗೇ ಇರುವುದು.

ಮೂರನೆಯದು ಗುಟ್ಟಿನ ಪ್ರಶ್ನೆ. ಪಾಸ್‌ವರ್ಡನ್ನು ಸಾಲಿನಲ್ಲೇ ಹೊಡೆದರೆ ಅದು ಸಾದಾ ಅಕ್ಷರಗಳಲ್ಲಿ ಫೈಲಿಗೆ ಹೋಗಿ ಕೂರುತ್ತದೆ. ಕಳ್ಳರಿಗೆ ಇದು ಚೆನ್ನಾಗಿ ಗೊತ್ತು. ದಾಳಿಯ ವಿಧಾನಗಳನ್ನು ವರ್ಗೀಕರಿಸುವ ಮೈಟರ್ ಸಂಸ್ಥೆಯ ಪಟ್ಟಿಯಲ್ಲಿ ಶೆಲ್ ಹಿಸ್ಟರಿಯಲ್ಲಿ ಪಾಸ್‌ವರ್ಡ್ ಹುಡುಕುವುದಕ್ಕೆಂದೇ ಬೇರೆ ನಮೂದು ಇದೆ. ಹಿಸ್ಟರಿ ದೊಡ್ಡದಾದಷ್ಟೂ, ಹುಡುಕಾಟ ಚುರುಕಾದಷ್ಟೂ ಅವರಿಗೂ ಅನುಕೂಲ. ಹಿಸ್ಟ್‌ಕಂಟ್ರೋಲ್ ಸರಿಯಾಗಿ ಹೊಂದಿಸಿದ್ದರೆ, ಸಾಲಿನ ಮೊದಲು ಒಂದು ಜಾಗ ಬಿಟ್ಟು ಹೊಡೆದದ್ದನ್ನು ಬ್ಯಾಶ್ ಬರೆದಿಡುವುದಿಲ್ಲ. ತಪ್ಪಿ ಬಿದ್ದ ಒಂದು ಸಾಲನ್ನು ಮಾತ್ರ ಅಳಿಸುವ ದಾರಿಯೂ ಇದೆ. ಎಲ್ಲಕ್ಕಿಂತ ಒಳ್ಳೆಯದು ಪಾಸ್‌ವರ್ಡನ್ನು ಸಾಲಿನಲ್ಲಿ ಬರೆಯದೇ ಇರುವುದು, ಪ್ರೋಗ್ರಾಮ್ ಕೇಳಿದಾಗ ಕೊಡುವುದು.

ಈಗ ಹಲವರು ಕೇಳುವ ಪ್ರಶ್ನೆ: ಎಐ ಸಹಾಯಕರಿರುವಾಗ ಇದೆಲ್ಲ ಯಾಕೆ? ಕೇಳಿದರೆ ಕಮಾಂಡ್ ಬರೆದುಕೊಡುತ್ತದಲ್ಲ? ಕೊಡುತ್ತದೆ, ಮತ್ತು ನೀವು ಎಂದೂ ಮಾಡದ ಕೆಲಸಕ್ಕೆ ಅದು ನಿಜವಾಗಿ ಉಪಕಾರಿ. ಎಂದೂ ಮಾಡದ್ದು ಹಿಸ್ಟರಿಯಲ್ಲಿ ಸಿಗುವುದಿಲ್ಲ. ಆದರೆ ನೀವು ಹತ್ತು ಸಲ ಮಾಡಿದ ಕೆಲಸವನ್ನು ಹನ್ನೊಂದನೆಯ ಸಲ ಕೇಳಿದಾಗ ಅದು ಕೊಡುವುದು ಸಾಮಾನ್ಯ ಉತ್ತರ. ಅದರಲ್ಲಿ ನಿಮ್ಮ ಸರ್ವರಿನ ಹೆಸರಿಲ್ಲ, ನಿಮ್ಮ ಫೋಲ್ಡರಿನ ವಿಚಿತ್ರ ಇಲ್ಲ, ನಿಮ್ಮ ಗಣಕದಲ್ಲಿರುವ ಹಳೆಯ ಆವೃತ್ತಿಗೆ ಯಾವ ಆಯ್ಕೆ ಒಗ್ಗುವುದಿಲ್ಲ ಎಂಬ ಅನುಭವ ಇಲ್ಲ. ಅವನ್ನೆಲ್ಲ ವಿವರಿಸಲು ಹೊರಟರೆ ಕಂಪನಿಯ ಒಳಗಿನ ಹೆಸರುಗಳನ್ನು ಹೊರಗಿನ ಸೇವೆಗೆ ಒಪ್ಪಿಸಿದಂತೆ. ನಿಮ್ಮ ಹಿಸ್ಟರಿಯಲ್ಲಿರುವ ಸಾಲು ಈ ಗಣಕದಲ್ಲೇ, ಈ ಜಾಗದಲ್ಲೇ ಓಡಿದ್ದು. ಮೊದಲು ಸ್ವಂತ ಹಿಸ್ಟರಿ, ಆಮೇಲೆ ಕೈಪಿಡಿ, ಆಮೇಲೆ ಎಐ ಎಂಬ ಕ್ರಮ ನನಗೆ ಸರಿಯೆನಿಸುತ್ತದೆ. ನೆಟ್ ಇಲ್ಲದ ಸರ್ವರ್ ಕೋಣೆಯಲ್ಲಿ ರಾತ್ರಿ ಎರಡು ಗಂಟೆಗೆ ನಿಂತಾಗ ಈ ಕ್ರಮದ ಬೆಲೆ ತಿಳಿಯುತ್ತದೆ.

ತಂಡವಾಗಿ ಕೆಲಸ ಮಾಡುವವರಿಗೆ ಒಂದು ಎಚ್ಚರಿಕೆ. ಪುಣೆಯಲ್ಲೋ ಹೈದರಾಬಾದಿನಲ್ಲೋ ಕೂತು ಬೇರೆ ದೇಶದ ಸರ್ವರುಗಳನ್ನು ನೋಡಿಕೊಳ್ಳುವ ಎಷ್ಟೋ ತಂಡಗಳಲ್ಲಿ, ಒಂದು ಹಳೆಯ ವ್ಯವಸ್ಥೆಯನ್ನು ಮತ್ತೆ ಎಬ್ಬಿಸುವ ವಿಧಾನ ಬರೆದಿರುವುದು ಒಬ್ಬರೇ ಒಬ್ಬರ ಹಿಸ್ಟರಿ ಫೈಲಿನಲ್ಲಿ. ಅವರು ಕೆಲಸ ಬಿಟ್ಟ ದಿನ ಲ್ಯಾಪ್‌ಟಾಪ್ ವಾಪಸ್ ಹೋಗುತ್ತದೆ, ಅದನ್ನು ಅಳಿಸಿ ಇನ್ನೊಬ್ಬರಿಗೆ ಕೊಡುತ್ತಾರೆ. ಹಿಸ್ಟರಿ ಒಬ್ಬರ ಸ್ವಂತ ಟಿಪ್ಪಣಿ, ತಂಡದ ದಾಖಲೆಯ ಸ್ಥಾನದಲ್ಲಿ ಅದು ನಿಲ್ಲಲಾರದು. ಆದರೆ ದಾಖಲೆ ಬರೆಯಲು ಅದಕ್ಕಿಂತ ಒಳ್ಳೆಯ ಕಚ್ಚಾವಸ್ತು ಇಲ್ಲ. ತಿಂಗಳಿಗೊಮ್ಮೆ ಪಟ್ಟಿ ತೆರೆದು, ಮೂರು ಸಲಕ್ಕಿಂತ ಹೆಚ್ಚು ಎತ್ತಿ ತಂದ ಸಾಲುಗಳನ್ನು ಒಂದು ಚಿಕ್ಕ ಸ್ಕ್ರಿಪ್ಟ್ ಮಾಡಿ, ಏನು ಮಾಡುತ್ತದೆ ಎಂದು ಬರೆದು, ಎಲ್ಲರಿಗೂ ಸಿಗುವ ಕಡೆ ಇಡಿ.

ಹೊಸಬರಿಗೆ ಕಲಿಸುವ ಅವಕಾಶ ನಿಮಗಿದ್ದರೆ ಐವತ್ತು ಕಮಾಂಡುಗಳ ಹಾಳೆಯನ್ನು ಎರಡನೆಯ ವಾರಕ್ಕೆ ತಳ್ಳಿ. ಮೊದಲ ದಿನ ಹಿಸ್ಟರಿಯ ಮಿತಿ ಏರಿಸುವುದು, ಕಂಟ್ರೋಲ್-ಆರ್ ಒತ್ತುವುದು, ಎಫ್‌ಝಡ್‌ಎಫ್‌ನಂಥದ್ದೊಂದನ್ನು ಹೊಂದಿಸುವುದು, ಗುಟ್ಟಿನ ಸಾಲಿಗೆ ಮುಂದೆ ಜಾಗ ಬಿಡುವುದು, ಇಷ್ಟನ್ನು ಮಾಡಿಸಿ. ಅರ್ಧ ಗಂಟೆ ಸಾಕು. ಮರುದಿನ ಅವರಿಗೆ ನಿನ್ನೆಯ ಒಂದು ಕಮಾಂಡ್ ಮರೆತುಹೋಗಿರುತ್ತದೆ. ಆಗ ಅವರು ಯಾರ ಮುಖವನ್ನೂ ನೋಡದೆ ಎರಡು ಕೀಲಿ ಒತ್ತಿ ತಾವೇ ಹುಡುಕಿಕೊಂಡರೆ, ನೀವು ಕಲಿಸಬೇಕಾದದ್ದನ್ನು ಕಲಿಸಿದ್ದೀರಿ.